ನಮ್ಮ ಪ್ರಾಜೆಕ್ಟನ್ನ ಅಪಾಚೆ ಫೌಂಡೇಶನ್‌ಗೆ ಒಪ್ಪಿಸಿದ ಎರಡೂವರೆ ವರ್ಷ

ಇದೆಲ್ಲಾ ಶುರುವಾಗಿದ್ದು ಒಂದು ಇಮೇಲಿಂದ. ನಾನೂ ನನ್ನ ಗೆಳತಿಯೂ ಆಫೀಸ್ ಕೆಲಸ ಮುಗಿದ ಮೇಲೆ, ರಜೆ ದಿನ ಎಲ್ಲಾ ಕೂತು ಬರೆದ ಒಂದು ಜಾವಾ ಲೈಬ್ರರಿ ಇದೆ, ಅಂದ್ರೆ ಬೇರೆಯವರು ತಮ್ಮ ಪ್ರೋಗ್ರಾಂ ಒಳಗೆ ಬಿಟ್ಟಿಯಾಗಿ ಸೇರಿಸ್ಕೊಳ್ಳಬಹುದಾದ ಕೋಡ್, ಒಂದು ಡೇಟಾಬೇಸಿಂದ ಡೇಟಾ ಎತ್ತಿ ಇನ್ನೊಂದಕ್ಕೆ ಬೇಕಾದ ರೂಪಕ್ಕೆ ತಿರುಗಿಸಿ ಹಾಕೋದು ಅದರ ಕೆಲಸ. ಅದನ್ನ ಒಂದು ದೊಡ್ಡ ಕಂಪನಿ ಒಳಗೆ ಬಳಸ್ತಾ ಇದ್ರಂತೆ, ನಮಗೆ ಗೊತ್ತೇ ಇರ್ಲಿಲ್ಲ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆಯ (ಜಾವಾ ಪ್ರೋಗ್ರಾಂಗಳು ಲಾಗ್ ಬರೆಯೋಕೆ ಬಳಸೋ ಲೈಬ್ರರಿ) ಆ ದೊಡ್ಡ ಸೆಕ್ಯುರಿಟಿ ತೂತು ಹೊರಗೆ ಬಂದ ಮೇಲೆ ಎಲ್ಲಾ ಕಂಪನಿಗಳೂ ತಮ್ಮ ಸಾಫ್ಟ್‌ವೇರ್ ಒಳಗೆ ಏನೇನು ಸೇರಿದೆ ಅಂತ ಹುಡುಕೋಕೆ ಶುರು ಮಾಡಿದ್ರಲ್ಲ, ಆ ಹುಡುಕಾಟದಲ್ಲಿ ನಮ್ಮ ಲೈಬ್ರರಿ ಹೆಸರೂ ಸಿಕ್ಕಿದೆ. ಒಂದು ಉದ್ದ ಫಾರ್ಮ್ ಕಳಿಸಿದ್ರು. ಈ ಸಾಫ್ಟ್‌ವೇರ್ ಯಾವ ಸಂಸ್ಥೆಗೆ ಸೇರಿದ್ದು, ಕಾನೂನಿನ ಪ್ರಕಾರ ಜವಾಬ್ದಾರಿ ಯಾರದು, ಸೆಕ್ಯುರಿಟಿ ತೊಂದರೆ ಇದ್ರೆ ಯಾರಿಗೆ ಹೇಳ್ಬೇಕು, ನಾಳೆ ನೀವಿಬ್ಬರೂ ನಿಲ್ಲಿಸಿದ್ರೆ ಯಾರು ನೋಡ್ಕೋತಾರೆ.

ಕೊನೇ ಪ್ರಶ್ನೆಗೆ ನಮ್ಮ ಹತ್ರ ಉತ್ತರ ಇರ್ಲಿಲ್ಲ. ಮೂರು ದಿನ ಆ ಫಾರ್ಮ್ ಹಾಗೇ ತೆರೆದಿಟ್ಟುಕೊಂಡು ಕೂತಿದ್ದೆ, ಕೋಪಾನೂ ಬಂತು, ಬಿಟ್ಟಿಯಾಗಿ ಬಳಸಿ ಈಗ ನಮ್ಮನ್ನೇ ಪ್ರಶ್ನೆ ಕೇಳ್ತಾರಲ್ಲ ಅಂತ. ಆದ್ರೆ ಪ್ರಶ್ನೆ ಸರಿಯಾಗೇ ಇತ್ತು. ಇನ್ನೊಂದು ವಿಷಯ ಕಣ್ಣಿಗೆ ಬಿತ್ತು, ಲಾಗ್‌ಫೋರ್‌ಜೆ ನೋಡ್ಕೊಳ್ಳೋರೂ ನಮ್ಮ ಹಾಗೇ ಸ್ವಯಂಸೇವಕರು, ಆ ಒಂದೇ ತಿಂಗಳಲ್ಲಿ 2.15, 2.16, 2.17 ಅಂತ ಒಂದರ ಹಿಂದೆ ಒಂದು ರಿಲೀಸ್ ಕೊಟ್ರು, ನಿದ್ದೆ ಬಿಟ್ಟು ಕೊಟ್ಟಿರ್ತಾರೆ ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ, ಆದ್ರೆ ಅವರ ಹಿಂದೆ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಅಂತ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಆಸರೆ ಕೊಡೋ ಒಂದು ಸಂಸ್ಥೆ ಇತ್ತು, ಸೆಕ್ಯುರಿಟಿ ಟೀಮ್ ಇತ್ತು, ಬೈಗುಳ ಎಷ್ಟೇ ಬಂದ್ರೂ ಯಾರೂ ಕೋರ್ಟ್ ಮುಂದೆ ಒಬ್ಬಂಟಿಯಾಗಿ ನಿಲ್ಲಬೇಕಾಗಿರ್ಲಿಲ್ಲ. ನಮಗೆ ಅದು ಯಾವುದೂ ಇರ್ಲಿಲ್ಲ.

ಏನು ಮಾಡೋದು ಅಂತ ಇಬ್ಬರೂ ಸುಮಾರು ಒಂದು ತಿಂಗಳು ಮಾತಾಡಿದ್ವಿ. ನಾವೇ ಒಂದು ಟ್ರಸ್ಟ್ ಥರ ಮಾಡ್ಕೊಂಡ್ರೆ ಲೆಕ್ಕಪತ್ರ, ಆಡಿಟ್, ಮೀಟಿಂಗ್ ಅಂತ ಕೋಡ್ ಬರೆಯೋದಕ್ಕಿಂತ ಅದೇ ದೊಡ್ಡ ಕೆಲಸ ಆಗುತ್ತೆ, ಅದು ಬೇಡ ಅಂತ ಮೊದಲೇ ಬಿಟ್ವಿ. ಇನ್ನೊಂದು ದಾರಿ ಇತ್ತು. ಅಮೆರಿಕದಲ್ಲಿ ಸಾಫ್ಟ್‌ವೇರ್ ಇನ್ ದಿ ಪಬ್ಲಿಕ್ ಇಂಟರೆಸ್ಟ್ ಅಂತ ಒಂದು ಸಂಸ್ಥೆ 1997ರಿಂದ ಇದೆ, ಡೆಬಿಯನ್ ಅನ್ನೋ ಲಿನಕ್ಸ್‌ಗೋಸ್ಕರ ಶುರುವಾಗಿದ್ದು, ಈಗ ಪೋಸ್ಟ್‌ಗ್ರೆಸ್ ಡೇಟಾಬೇಸ್, ಆರ್ಚ್ ಲಿನಕ್ಸ್ ಎಲ್ಲಾ ಅದರ ಜೊತೆ ಇವೆ. 2006ರಲ್ಲಿ ಶುರುವಾದ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಅಂತ ಇನ್ನೊಂದಿದೆ, ಕೋಡ್‌ನ ಪ್ರತಿ ಬದಲಾವಣೆ ಉಳಿಸಿಡೋ ಗಿಟ್, ಚಿತ್ರ ಬರೆಯೋ ಇಂಕ್‌ಸ್ಕೇಪ್ ಅದರ ಕೆಳಗೆ ಬರ್ತವೆ. ಇವರು ನಿಮ್ಮ ಹೆಸರಲ್ಲಿ ದೇಣಿಗೆ ತಗೊಂಡು, ಅದರಲ್ಲಿ ಒಂದು ಸಣ್ಣ ಪಾಲು, ಮೊದಲನೆಯವರು 5 ಪರ್ಸೆಂಟ್, ಎರಡನೆಯವರು 10 ಪರ್ಸೆಂಟ್, ನಿರ್ವಹಣೆಗೆ ಇಟ್ಕೊಂಡು ಬ್ಯಾಂಕ್, ಕಾನೂನು, ಕಾಂಟ್ರಾಕ್ಟ್ ಎಲ್ಲಾ ನೋಡ್ಕೋತಾರೆ, ಪ್ರಾಜೆಕ್ಟ್ ಒಳಗೆ ದಿನಾ ಯಾರು ಏನು ನಿರ್ಧಾರ ಮಾಡ್ತಾರೆ ಅನ್ನೋದನ್ನ ಹೆಚ್ಚುಕಮ್ಮಿ ನಿಮಗೇ ಬಿಡ್ತಾರೆ. ನನಗೆ ಇದೇ ಸಾಕು ಅನ್ಸಿತ್ತು.

ಗೆಳತಿ ಒಪ್ಪಲಿಲ್ಲ. "ದುಡ್ಡು ನಮ್ಮ ಸಮಸ್ಯೆನೇ ಅಲ್ಲ ಕಣೋ, ನಮಗೆ ಯಾರೂ ಒಂದು ಪೈಸೆ ಕಳಿಸಿಲ್ಲ. ನಮ್ಮ ಸಮಸ್ಯೆ ಅಂದ್ರೆ ನಾವಿಬ್ಬರೇ. ನಿನಗೆ ಬೇಜಾರಾದ್ರೆ ಅರ್ಧ ಹೋಯ್ತು, ನನಗೂ ಆದ್ರೆ ಮುಗೀತು" ಅಂದಳು. ಅಪಾಚೆ ದಾರಿಯಲ್ಲಿ ಪ್ರಾಜೆಕ್ಟ್ ಹೇಗೆ ನಡೀಬೇಕು ಅನ್ನೋದನ್ನೂ ನೋಡ್ತಾರೆ, ಒಬ್ಬರ ಮೇಲೆ ನಿಂತಿರೋದನ್ನ ಒಪ್ಪೋದೇ ಇಲ್ಲ, ಅದೇ ನಮಗೆ ಬೇಕಾಗಿರೋದು ಅಂತ ಅವಳ ವಾದ.

ಅಪಾಚೆ ಹುಟ್ಟಿದ್ದೂ ಹೆಚ್ಚುಕಮ್ಮಿ ಅಂಥದ್ದೇ ಕಷ್ಟದಿಂದ. ಎನ್‌ಸಿಎಸ್‌ಎ ಅನ್ನೋ ಸಂಸ್ಥೆಯ ವೆಬ್ ಸರ್ವರ್ ಬರೆದಾತ ಅಲ್ಲಿಂದ ಹೊರಟ ಮೇಲೆ ಅದರ ಕೆಲಸ ನಿಂತು ಹೋಗಿತ್ತು, ಅದನ್ನ ಬಳಸ್ತಿದ್ದ ಕೆಲವರು 1995ರಲ್ಲಿ ತಂತಮ್ಮ ಪ್ಯಾಚ್‌ಗಳನ್ನ, ಅಂದ್ರೆ ತಿದ್ದುಪಡಿಗಳನ್ನ, ಒಟ್ಟುಗೂಡಿಸಿ ಮುಂದುವರಿಸಿದ್ರು, 1999ರಲ್ಲಿ ಅದೇ ಗುಂಪು ಲಾಭರಹಿತ ಸಂಸ್ಥೆ ಆಯ್ತು. ಅದರಲ್ಲಿ ಕಂಪನಿಗಳು ಮೆಂಬರ್ ಆಗೋ ಹಾಗಿಲ್ಲ, ವ್ಯಕ್ತಿಗಳು ಮಾತ್ರ. ಮೆಂಬರ್‌ಗಳು ವೋಟ್ ಹಾಕಿ 9 ಜನ ಡೈರೆಕ್ಟರ್‌ಗಳನ್ನ ಆರಿಸ್ತಾರೆ. ದೊಡ್ಡ ದೊಡ್ಡ ಕಂಪನಿಗಳು ಸ್ಪಾನ್ಸರ್ ಮಾಡ್ತಾವೆ ನಿಜ, ಆದ್ರೆ ಆ ದುಡ್ಡಿಗೆ ಒಂದು ವೋಟೂ ಸಿಗಲ್ಲ, ಮತ್ತೆ ಆ ದುಡ್ಡಿಂದ ಕೋಡ್ ಬರೆಯೋರಿಗೆ ಫೌಂಡೇಶನ್ ಸಂಬಳ ಕೊಡಲ್ಲ, ಸರ್ವರ್, ಕಾನೂನು, ಟ್ರೇಡ್‌ಮಾರ್ಕ್ ಇಂಥದ್ದಕ್ಕೆ ಹೋಗುತ್ತೆ. ಫೌಂಡೇಶನ್ ಸೇರಿದ್ರೆ ದುಡ್ಡು ಬರುತ್ತೆ ಅಂದುಕೊಂಡು ಹೋಗೋರಿಗೆ ಇದನ್ನ ಮೊದಲೇ ಹೇಳ್ಬಿಡ್ಬೇಕು.

ಹೊಸ ಪ್ರಾಜೆಕ್ಟ್‌ಗಳು ಒಳಗೆ ಬರೋದು 2002ರಲ್ಲಿ ಶುರುವಾದ ಇನ್‌ಕ್ಯುಬೇಟರ್ ಮೂಲಕ. ನಮ್ಮ ಪರವಾಗಿ ನಿಲ್ಲೋಕೆ ಒಬ್ಬ ಚಾಂಪಿಯನ್ ಬೇಕು, ದಾರಿ ತೋರಿಸೋಕೆ ಮೆಂಟರ್‌ಗಳು ಬೇಕು. ನಮ್ಮ ಲೈಬ್ರರಿ ಬಳಸ್ತಿದ್ದ ಒಬ್ಬರು ಅಲ್ಲಿ ಮೆಂಬರ್ ಆಗಿದ್ರು, ಅವರಿಗೆ ಬರೆದಾಗ ಎರಡೇ ದಿನದಲ್ಲಿ ಉತ್ತರ ಬಂತು, "ಮೊದಲು ಪ್ರಪೋಸಲ್ ಬರೀರಿ, ರಿಸ್ಕ್ ಭಾಗವನ್ನ ಪ್ರಾಮಾಣಿಕವಾಗಿ ಬರೀರಿ, ಜನ ಅದನ್ನೇ ಓದ್ತಾರೆ" ಅಂತ.

ಆ ರಿಸ್ಕ್ ಭಾಗ ನನಗೆ ತುಂಬಾ ಹಿಡಿಸ್ತು. ಪ್ರಾಜೆಕ್ಟ್ ಅನಾಥ ಆಗೋ ಸಾಧ್ಯತೆ ಎಷ್ಟು, ಎಲ್ಲಾ ಡೆವಲಪರ್‌ಗಳೂ ಒಂದೇ ಕಡೆಯವರಾ, ಸಂಬಳಕ್ಕೆ ಮಾಡೋರ ಮೇಲೇ ನಿಂತಿದೆಯಾ, ಕೊನೆಗೆ ಅಪಾಚೆ ಹೆಸರಿನ ಮೋಹಕ್ಕೆ ಬರ್ತಿದ್ದೀರಾ ಅಂತಾನೂ ಒಂದು ತಲೆಬರಹ ಇರುತ್ತೆ. ನಾವಿಬ್ಬರೂ ಒಂದೇ ಕಂಪನಿಯಲ್ಲಿ ಕೆಲಸ ಮಾಡ್ತಿದ್ವಿ, ನಮ್ಮಿಬ್ಬರನ್ನ ಬಿಟ್ರೆ ನಿಯಮಿತವಾಗಿ ಕೋಡ್ ಕಳಿಸೋರು ಒಬ್ಬರೇ ಒಬ್ಬರು. ಹಾಗೇ ಬರೆದ್ವಿ. ಮೂರು ಜನ ಮೆಂಟರ್‌ಗಳು ಸಿಕ್ಕಿದ್ರು, ಒಂದಷ್ಟು ಚರ್ಚೆ ಆಯ್ತು, 72 ಗಂಟೆ ವೋಟ್ ನಡೀತು, ಒಳಗೆ ತಗೊಂಡ್ರು. ಇನ್‌ಕ್ಯುಬೇಟರ್ ಒಳಗಿರೋ ಪ್ರಾಜೆಕ್ಟಿಗೆ ಪಾಡ್ಲಿಂಗ್ ಅಂತಾರೆ. ಆರು ತಿಂಗಳಲ್ಲಿ ಮುಗಿಸ್ಕೊಂಡು ಹೊರಗೆ ಬರ್ತೀವಿ ಅಂತ ನಾನು ಅಂದುಕೊಂಡಿದ್ದೆ.

ನಿಜವಾದ ಕೆಲಸ ಶುರುವಾಗಿದ್ದು ಕೋಡ್ ಒಪ್ಪಿಸೋವಾಗ. ಪ್ರತಿಯೊಬ್ಬ ಕಮಿಟರ್ (ಕೋಡ್‌ನಲ್ಲಿ ನೇರವಾಗಿ ಬದಲಾವಣೆ ಹಾಕೋ ಹಕ್ಕಿರೋರು) ಕೂಡ ಐಸಿಎಲ್‌ಎ ಅಂತ ಒಂದು ಒಪ್ಪಂದಕ್ಕೆ ಸಹಿ ಹಾಕ್ಬೇಕು. ಅದರಲ್ಲಿ ನಿಮ್ಮ ಕಾಪಿರೈಟ್ ನಿಮ್ಮಲ್ಲೇ ಉಳಿಯುತ್ತೆ, ಅದನ್ನ ಬಳಸೋ, ಹಂಚೋ ಹಕ್ಕನ್ನ, ಜೊತೆಗೆ ಪೇಟೆಂಟ್ ಹಕ್ಕನ್ನ ಫೌಂಡೇಶನ್‌ಗೂ ಬಳಸೋರಿಗೂ ಕೊಡ್ತೀರಿ, ಅಷ್ಟೇ. ಹಳೇ ಕೋಡ್‌ಗೆ ಬೇರೆ ಒಂದು ಗ್ರಾಂಟ್ ಪತ್ರ ಇದೆ. ಈ ಪತ್ರಕ್ಕೆ ಸಹಿ ಹಾಕ್ಬೇಕಾದ್ರೆ ಕೋಡ್ ನಿಮ್ಮದಾಗಿರ್ಬೇಕು, ಅಲ್ಲಿ ನಾವು ಸಿಕ್ಕಿಬಿದ್ವಿ.

ನಾವು ಶುರು ಮಾಡಿದ ಮೊದಲ ಎರಡು ವರ್ಷ ಲೈಸೆನ್ಸ್ ಫೈಲೇ ಹಾಕಿರ್ಲಿಲ್ಲ. ಕೋಡ್ ಎಲ್ಲರಿಗೂ ಕಾಣೋ ಹಾಗೆ ಇಟ್ಟಿದ್ದೀವಲ್ಲ, ಅದೇ ಓಪನ್ ಸೋರ್ಸ್ ಅಂತ ತಿಳ್ಕೊಂಡಿದ್ವಿ. ಅದು ತಪ್ಪು. ಲೈಸೆನ್ಸ್ ಇಲ್ಲ ಅಂದ್ರೆ ಯಾರಿಗೂ ಯಾವ ಹಕ್ಕೂ ಕೊಟ್ಟಿಲ್ಲ ಅಂತ ಅರ್ಥ. ಆ ಎರಡು ವರ್ಷದಲ್ಲಿ ಹೊರಗಿನ ಮೂರು ಜನ ಕೋಡ್ ಕಳಿಸಿದ್ರು, ಅದು ಈಗಲೂ ಅವರದ್ದೇ, ನಾವು ಅದನ್ನ ಯಾರಿಗೂ ಕೊಡೋ ಹಾಗಿಲ್ಲ. ನಮ್ಮ ಒಬ್ಬ ಮೆಂಟರ್ ಗಿಟ್ ಹಿಸ್ಟರಿ ಪೂರ್ತಿ ನೋಡಿ ಕೇಳಿದ್ರು, "ಈ ಮೂರು ಹೆಸರು ಯಾರು, ಇವರ ಒಪ್ಪಿಗೆ ಎಲ್ಲಿದೆ?" ಅಂತ.

ಹುಡುಕೋಕೆ ಹೊರಟ್ವಿ. ಒಬ್ಬರು ಅದೇ ದಿನ ಸಹಿ ಮಾಡಿ ಕಳಿಸಿದ್ರು, ನಾನು ಬರೆದಿದ್ದು ಇನ್ನೂ ಬಳಕೆಯಲ್ಲಿದೆಯಾ ಅಂತ ಖುಷಿಪಟ್ಟು ಬರೆದಿದ್ರು. ಇನ್ನೊಬ್ಬರು ಆ ಕೋಡ್ ಬರೆದಾಗ ಒಂದು ಕಂಪನಿಯ ಕೆಲಸದ ಸಮಯದಲ್ಲಿ ಬರೆದಿದ್ದಂತೆ, ಅಂದ್ರೆ ಹಕ್ಕು ಆ ಕಂಪನಿಯದ್ದಿರಬಹುದು, ಅವರು ಅಲ್ಲಿ ಕೆಲಸ ಬಿಟ್ಟು ವರ್ಷಗಳಾಗಿತ್ತು, ಆದ್ರೂ ಹಳೇ ಮ್ಯಾನೇಜರ್‌ನ ಹಿಡಿದು, ಅವರ ಲೀಗಲ್ ಡಿಪಾರ್ಟ್‌ಮೆಂಟಿಂದ ಒಂದು ಪತ್ರ ತಂದುಕೊಟ್ರು, ಅದಕ್ಕೆ ಮೂರು ತಿಂಗಳು ಹಿಡೀತು, ಆ ಮೂರು ತಿಂಗಳೂ ಅವರು ಒಂದು ಸಲಾನೂ ಬೇಸರ ಮಾಡ್ಕೊಳ್ಳಲಿಲ್ಲ. ಮೂರನೆಯವರು ಸಿಗ್ಲೇ ಇಲ್ಲ. ಇಮೇಲ್ ವಾಪಸ್ ಬಂತು, ಬೇರೆ ಎಲ್ಲೂ ಸುಳಿವಿಲ್ಲ. ಅವರು ಬರೆದಿದ್ದು ಸುಮಾರು 600 ಸಾಲು, ತಾರೀಖು ಮತ್ತು ಟೈಮ್‌ಝೋನ್ ತಿರುಗಿಸೋ ಭಾಗ, ತುಂಬಾ ಚೆನ್ನಾಗಿ ಬರೆದಿದ್ರು. ಅದನ್ನ ಪೂರ್ತಿ ತೆಗೆದು, ಆ ಕೋಡನ್ನ ಯಾವತ್ತೂ ನೋಡದೇ ಇದ್ದ ಒಬ್ಬ ಹೊಸಬರಿಗೆ ಏನು ಕೊಟ್ರೆ ಏನು ಬರ್ಬೇಕು ಅನ್ನೋ ವಿವರ ಮಾತ್ರ ಕೊಟ್ಟು ಮೊದಲಿಂದ ಬರೆಸಿದ್ವಿ. ಆ ಹಳೇ ಫೈಲ್ ಡಿಲೀಟ್ ಮಾಡಿದ ದಿನ ನನಗೆ ಮನಸ್ಸಿಗೆ ಕಷ್ಟ ಆಯ್ತು. ಅವರು ಎಲ್ಲೋ ಚೆನ್ನಾಗಿರ್ಲಿ ಅಂತ ಈಗಲೂ ಅಂದುಕೊಳ್ತೀನಿ.

ನೀವು ಇವತ್ತು ಒಂದು ಪ್ರಾಜೆಕ್ಟ್ ಶುರು ಮಾಡ್ತಿದ್ರೆ ದಯವಿಟ್ಟು ಮೊದಲ ಕಮಿಟ್‌ನಲ್ಲೇ ಲೈಸೆನ್ಸ್ ಫೈಲ್ ಹಾಕಿ, ಎರಡು ನಿಮಿಷದ ಕೆಲಸ ಅದು.

ಲೈಸೆನ್ಸ್ ತಲೆನೋವು ಅಲ್ಲಿಗೇ ನಿಲ್ಲಲಿಲ್ಲ. ಹೊರಗಿನ ಲೈಬ್ರರಿಗಳನ್ನ ಅವುಗಳ ಲೈಸೆನ್ಸ್ ನೋಡಿ ಅಪಾಚೆಯವರು ಎ, ಬಿ, ಎಕ್ಸ್ ಅಂತ ಮೂರು ಗುಂಪು ಮಾಡಿದ್ದಾರೆ. ಎಂಐಟಿ, ಬಿಎಸ್‌ಡಿ ಥರದ್ದು ಎ, ತೊಂದರೆ ಇಲ್ಲ. ಮೊಝಿಲ್ಲಾ, ಎಕ್ಲಿಪ್ಸ್ ಲೈಸೆನ್ಸ್‌ನವು ಬಿ, ಕೆಲವು ಷರತ್ತಿನ ಮೇಲೆ ಆಗುತ್ತೆ. ಜಿಪಿಎಲ್, ಎಲ್‌ಜಿಪಿಎಲ್ ಎಕ್ಸ್ ಗುಂಪು, ಅದನ್ನ ಸೇರಿಸಿ ರಿಲೀಸ್ ಕೊಡೋ ಹಾಗಿಲ್ಲ. ಅದು ಕೆಟ್ಟ ಲೈಸೆನ್ಸ್ ಅಂತಲ್ಲ, ಅಪಾಚೆ ಲೈಸೆನ್ಸ್ ಮೇಲೆ ತಗೊಂಡೋರಿಗೆ ಅದಕ್ಕಿಂತ ಹೆಚ್ಚಿನ ಕಟ್ಟುಪಾಡು ಗೊತ್ತಿಲ್ಲದೇ ಬರಬಾರದು ಅಂತ. ನಮ್ಮ ಲೈಬ್ರರಿಯ ನಡುಮಧ್ಯೆ ಎಲ್‌ಜಿಪಿಎಲ್ ಲೈಸೆನ್ಸ್‌ನ ಒಂದು ಪಾರ್ಸರ್ (ಬಂದ ಪಠ್ಯವನ್ನ ಬಿಡಿಸಿ ಓದೋ ಕೋಡ್) ಕೂತಿತ್ತು, ಐಚ್ಛಿಕ ಆಗಿದ್ರೆ ಬಿಡ್ತಿದ್ರು, ನಮ್ಮದು ಅದಿಲ್ಲದೇ ಓಡ್ತಾನೇ ಇರ್ಲಿಲ್ಲ. ಬೇರೆ ಪಾರ್ಸರ್ ಹುಡುಕಿ ಹೊಂದಿಸೋಕೆ ಆರು ವಾರ ಹೋಯ್ತು. ಇದರ ಮಧ್ಯೆ ಹೆಸರೂ ಬದಲಾಯ್ತು, ಟ್ರೇಡ್‌ಮಾರ್ಕ್ ನೋಡೋವಾಗ ಇದೇ ಕ್ಷೇತ್ರದಲ್ಲಿ ಅದೇ ಹೆಸರಿನ ಇನ್ನೊಂದು ಪ್ರಾಡಕ್ಟ್ ಇರೋದು ಗೊತ್ತಾಯ್ತು. ಹೊಸ ಹೆಸರಿಗೆ ಒಂದೇ ವಾರದಲ್ಲಿ ಒಗ್ಗಿಕೊಂಡ್ವಿ.

ಎಲ್ಲಕ್ಕಿಂತ ಕಷ್ಟ ಆಗಿದ್ದು ಇದ್ಯಾವುದೂ ಅಲ್ಲ, ಮಾತಾಡೋ ರೀತಿ ಬದಲಾಯಿಸಿಕೊಳ್ಳೋದು. ಅಲ್ಲಿ ಒಂದು ಮಾತಿದೆ, ಮೇಲಿಂಗ್ ಲಿಸ್ಟ್‌ನಲ್ಲಿ (ಪ್ರಾಜೆಕ್ಟ್‌ನ ಎಲ್ಲರಿಗೂ ಹೋಗೋ ಇಮೇಲ್ ಪಟ್ಟಿ) ಆಗದೇ ಇದ್ದದ್ದು ಆಗೇ ಇಲ್ಲ ಅಂತ. ನಾನೂ ಗೆಳತಿಯೂ ವರ್ಷಗಟ್ಟಲೆ ಫೋನಲ್ಲಿ, ಊಟದ ಟೈಮಲ್ಲಿ ಮಾತಾಡಿ ನಿರ್ಧಾರ ಮಾಡಿ ಕೋಡ್ ಹಾಕಿ ಅಭ್ಯಾಸ. ಒಂದು ಸಲ ಕಾನ್ಫಿಗರೇಶನ್ ಫೈಲ್‌ನ ರೂಪವನ್ನೇ ಬದಲಾಯಿಸಿ ಮರ್ಜ್ ಮಾಡಿದ್ವಿ, ಅಂದ್ರೆ ಮುಖ್ಯ ಕೋಡ್‌ಗೆ ಸೇರಿಸಿದ್ವಿ. ಮಾರನೇ ದಿನ ಮೆಂಟರ್ ಒಂದೇ ಸಾಲು ಬರೆದಿದ್ರು, "ಇದು ಯಾವಾಗ ನಿರ್ಧಾರ ಆಯ್ತು? ನನಗೆ ಎಲ್ಲೂ ಕಾಣ್ತಿಲ್ಲ." ನಾನು ಸ್ವಲ್ಪ ಬಿಸಿಯಾಗೇ ಉತ್ತರ ಬರೆದೆ, ನಾವಿಬ್ಬರೂ ಮಾತಾಡಿದ್ದೀವಿ, ಈ ಭಾಗ ನಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ ಅಂತ. ಅದಕ್ಕೆ ಅವರು ಉತ್ತರ ಕೊಡಲಿಲ್ಲ, ಕೊಟ್ಟಿದ್ದು ನಮ್ಮ ಮೂರನೇ ಕಮಿಟರ್. ಅವರು ಇರೋ ಕಡೆ ನಮಗೆ ರಾತ್ರಿ ಆದ್ರೆ ಅವರಿಗೆ ಬೆಳಗ್ಗೆ. "ನಾನು ಎರಡು ವಾರದಿಂದ ಹಳೇ ಫೈಲ್ ರೂಪದ ಮೇಲೇ ಕೆಲಸ ಮಾಡ್ತಿದ್ದೆ, ನಿಮ್ಮ ಮಾತುಕತೆ ಲಿಸ್ಟ್‌ನಲ್ಲಿ ಆಗಿದ್ರೆ ಮೊದಲ ದಿನಾನೇ ನಿಲ್ಲಿಸ್ತಿದ್ದೆ" ಅಂತ.

ಎರಡು ವಾರ. ಅವರೂ ನಮ್ಮ ಹಾಗೇ ಕೆಲಸ ಮುಗಿದ ಮೇಲೆ ನಿದ್ದೆಯ ಹೊತ್ತು ಕೊಟ್ಟು ಮಾಡಿದ ಎರಡು ವಾರ. ನಾನು ಕ್ಷಮೆ ಕೇಳಿ ಬರೆದೆ, ಆ ಮರ್ಜ್ ವಾಪಸ್ ತಗೊಂಡ್ವಿ, ಪ್ರಸ್ತಾವನೆ ಬರೆದು 72 ಗಂಟೆ ಕಾದ್ವಿ, ಅವರ ಸಲಹೆ ಸೇರಿಸಿಕೊಂಡ ಮೇಲೆ ಬಂದ ರೂಪ ನಮ್ಮದಕ್ಕಿಂತ ಚೆನ್ನಾಗಿತ್ತು. ಆಮೇಲಿಂದ ಗೆಳತಿ ಊಟದ ಟೈಮಲ್ಲಿ ನಾನು ಬಾಯಿ ತೆಗೆದ್ರೆ ಸಾಕು, "ಲಿಸ್ಟ್‌ಗೆ ಬರಿ" ಅಂತಿದ್ಲು. ಮೂರು ದಿನ ಯಾಕೆ ಕಾಯ್ಬೇಕು ಅಂತ ಮೊದಮೊದಲು ಕೈ ಕೈ ಹಿಸುಕಿಕೊಳ್ತಿದ್ದೆ. ಭೂಮಿಯ ಆ ಕಡೆ ಇರೋರಿಗೂ, ವಾರಾಂತ್ಯದಲ್ಲಿ ಮಾತ್ರ ಬಿಡುವಿರೋರಿಗೂ ಒಂದು ಸಲ ಓದಿ ಯೋಚನೆ ಮಾಡೋಕೆ ಅಷ್ಟು ಹೊತ್ತು ಬೇಕೇ ಬೇಕು.

ಮೊದಲ ರಿಲೀಸ್ ಬಗ್ಗೆ ಬರೀಲೇಬೇಕು. ಅಲ್ಲಿ ರಿಲೀಸ್ ಅಂದ್ರೆ ಸೋರ್ಸ್ ಕೋಡ್‌ನ ಕಟ್ಟು, ಕಂಪೈಲ್ ಮಾಡಿದ ಬೈನರಿ ಎಲ್ಲಾ ಅನುಕೂಲಕ್ಕೆ ಮಾತ್ರ. ಅದಕ್ಕೆ ರಿಲೀಸ್ ಮ್ಯಾನೇಜರ್ ತನ್ನ ಪಿಜಿಪಿ ಕೀಯಿಂದ ಡಿಜಿಟಲ್ ಸಹಿ ಹಾಕ್ಬೇಕು, ಫೈಲ್ ಬದಲಾಗಿಲ್ಲ ಅಂತ ತಾಳೆ ನೋಡೋಕೆ ಶಾ-512 ಚೆಕ್‌ಸಮ್ ಇರ್ಬೇಕು, ಲೈಸೆನ್ಸ್, ನೋಟಿಸ್ ಫೈಲ್ ಇರ್ಬೇಕು, ಪಾಡ್ಲಿಂಗ್ ಆಗಿರೋದ್ರಿಂದ ಇದು ಇನ್ನೂ ಇನ್‌ಕ್ಯುಬೇಟರ್‌ನಲ್ಲಿದೆ ಅನ್ನೋ ಡಿಸ್‌ಕ್ಲೈಮರ್ ಕೂಡ. ಮೊದಲು ನಮ್ಮಲ್ಲಿ ವೋಟ್, ಆಮೇಲೆ ಇನ್‌ಕ್ಯುಬೇಟರ್‌ನವರ ವೋಟ್, ಕಮ್ಮಿ ಅಂದ್ರೂ ಮೂರು ಬೈಂಡಿಂಗ್ +1, ಅಂದ್ರೆ ಲೆಕ್ಕಕ್ಕೆ ಬರೋ ಪರ ವೋಟ್, ಬೇಕು. ವೋಟ್‌ಗೆ ಇಟ್ಟ ಮೊದಲನೇ ಕಟ್ಟು ಬಿದ್ದು ಹೋಯ್ತು, ಸೋರ್ಸ್ ಕಟ್ಟಿನೊಳಗೆ ಬಿಲ್ಡ್ ಟೂಲ್‌ನ ಒಂದು ಜಾರ್ ಫೈಲ್ ಉಳಿದಿತ್ತು, ಕಂಪೈಲ್ ಆಗಿರೋದು ಸೋರ್ಸ್ ಅಲ್ಲವಲ್ಲ. ಎರಡನೆಯದು ಬಿತ್ತು, ಎಂಐಟಿ ಲೈಬ್ರರಿಗಳ ವಿವರ ಲೈಸೆನ್ಸ್ ಫೈಲ್‌ನಲ್ಲಿ ಹಾಕೋದು ಬಿಟ್ಟು ನೋಟಿಸ್‌ನಲ್ಲಿ ತುಂಬಿದ್ವಿ. ಮೂರನೆಯದು ಡಾಕ್ಯುಮೆಂಟೇಶನ್ ಜೊತೆ ಬಂದ ಫಾಂಟ್‌ನ ಲೈಸೆನ್ಸ್ ಹೇಳಿರ್ಲಿಲ್ಲ ಅಂತ. ನಾಲ್ಕನೆಯದು ನಮ್ಮಲ್ಲಿ ಪಾಸಾಗಿ ಇನ್‌ಕ್ಯುಬೇಟರ್ ವೋಟ್‌ನಲ್ಲಿ ನಿಂತಿತು, ಕೆಲವು ಫೈಲ್‌ಗಳಿಗೆ ಲೈಸೆನ್ಸ್ ಹೆಡರ್ (ಫೈಲ್‌ನ ಮೊದಲಲ್ಲಿ ಲೈಸೆನ್ಸ್ ಹೇಳೋ ಸಾಲುಗಳು) ಇರ್ಲಿಲ್ಲ, ಹೆಡರ್ ಹುಡುಕೋಕೆ ರ‍್ಯಾಟ್ ಅಂತ ಒಂದು ಟೂಲೇ ಇದೆ, ನಾವು ಅದರ ಹೊರಗಿಡೋ ಪಟ್ಟಿಯಲ್ಲಿ ಒಂದು ಫೋಲ್ಡರ್ ಪೂರ್ತಿ ಸೇರಿಸಿಬಿಟ್ಟಿದ್ವಿ. ಐದನೆಯದು ಪಾಸಾಯ್ತು, ಹತ್ತು ವಾರ ಆದ ಮೇಲೆ.

ಯಾರೋ ಗುರುತಿಲ್ಲದೋರು, ನಮ್ಮ ಸಾಫ್ಟ್‌ವೇರ್ ಒಂದು ದಿನವೂ ಬಳಸದೋರು, ಕೂತು ನಮ್ಮ ಕಟ್ಟು ಡೌನ್‌ಲೋಡ್ ಮಾಡಿ, ಸಹಿ ತಾಳೆ ನೋಡಿ, ಬಿಲ್ಡ್ ಮಾಡಿ, ಒಂದೊಂದೇ ಫೈಲ್ ತೆರೆದು ನೋಡಿ ತಪ್ಪು ತೋರಿಸಿದ್ರು. ಯಾರಿಗೂ ಇದಕ್ಕೆ ದುಡ್ಡಿಲ್ಲ. ನಾಲ್ಕನೇ ಸಲ ಬಿದ್ದಾಗ ನಾನು ಬಿಟ್ಟುಬಿಡೋಣ ಅಂತಿದ್ದೆ, ಗೆಳತಿ ಆ ಇಮೇಲ್ ಮತ್ತೆ ಓದಿಸಿದಳು, ಕಳಿಸಿದ ಸಮಯ ನೋಡು ಅಂದಳು. ಅವರ ಕಡೆ ಅದು ಭಾನುವಾರ ರಾತ್ರಿ ಎರಡು ಗಂಟೆ.

ಮೊದಲ ಮೂರು ತಿಂಗಳು ಪ್ರತಿ ತಿಂಗಳೂ, ಆಮೇಲೆ ಮೂರು ತಿಂಗಳಿಗೊಂದು ರಿಪೋರ್ಟ್ ಬರೀಬೇಕು. ಅದರಲ್ಲಿ ಪ್ರತಿ ಸಲ ಒಂದೇ ವಿಷಯ ಉಳ್ಕೊಳ್ತಿತ್ತು, ಜನ ಸಾಲದು. ಕಮಿಟರ್ ಮಾಡೋಕೆ ನಾನು ಕಾಯ್ತಿದ್ದದ್ದು ನಮ್ಮಷ್ಟೇ ಕೋಡ್ ಬಲ್ಲೋರಿಗೆ. ಹಾಗೆ ಕಾದ್ರೆ ಯಾರೂ ಬರಲ್ಲ ಅಂತ ಮೆಂಟರ್ ಹೇಳಿದ್ರು, "ಅವರು ತಪ್ಪು ಮಾಡಿದ್ರೆ ಗಿಟ್‌ನಲ್ಲಿ ವಾಪಸ್ ತಗೋಬಹುದು, ಬೇಜಾರಾಗಿ ಹೋದೋರನ್ನ ಹೇಗೆ ವಾಪಸ್ ತರ್ತೀರಿ?" ಅಂತ ಕೇಳಿದ್ರು. ಆ ವರ್ಷ ಐದು ಜನರನ್ನ ಸೇರಿಸಿಕೊಂಡ್ವಿ, ಅದರಲ್ಲಿ ಒಬ್ಬರು ಕೋಡ್ ಬರೆಯೋರೇ ಅಲ್ಲ, ಡಾಕ್ಯುಮೆಂಟೇಶನ್ ತಿದ್ದೋರು, ಹೊಸಬರ ಪ್ರಶ್ನೆಗೆ ತಾಳ್ಮೆಯಿಂದ ಉತ್ತರ ಕೊಡೋರು. ಅವರು ಬಂದ ಮೇಲೆ ಪ್ರಾಜೆಕ್ಟ್‌ನ ಮುಖವೇ ಬದಲಾಯ್ತು ಅಂತ ಧೈರ್ಯವಾಗಿ ಹೇಳ್ತೀನಿ.

ಎರಡೂವರೆ ವರ್ಷಕ್ಕೆ ಗ್ರಾಜುಯೇಶನ್, ಅಂದ್ರೆ ಇನ್‌ಕ್ಯುಬೇಟರ್‌ನಿಂದ ಹೊರಗೆ ಬಂದು ಪೂರ್ಣ ಪ್ರಾಜೆಕ್ಟ್ ಆಗೋದು. ನಮ್ಮಲ್ಲಿ ವೋಟ್, ಇನ್‌ಕ್ಯುಬೇಟರ್‌ನಲ್ಲಿ ವೋಟ್, ಕೊನೆಗೆ ಬೋರ್ಡ್ ತಿಂಗಳ ಮೀಟಿಂಗ್‌ನಲ್ಲಿ ನಿರ್ಣಯ. ಆ ನಿರ್ಣಯದಲ್ಲಿ ಪ್ರಾಜೆಕ್ಟ್ ಕಮಿಟಿಯ ಚೇರ್ ಯಾರು ಅಂತ ಹೆಸರು ಬೇಕು. ಎಲ್ಲರೂ ನನ್ನ ಹೆಸರು ಹೇಳಿದ್ರು, ನಾನು ಬೇಡ ಅಂದೆ, ಗೆಳತಿಯೂ ಬೇಡ ಅಂದಳು, ಎರಡು ವಾರದ ಕೆಲಸ ಕಳ್ಕೊಂಡಿದ್ರಲ್ಲ ಆ ಮೂರನೇ ಕಮಿಟರ್, ಅವರು ಚೇರ್ ಆದ್ರು.

ಆ ಕಂಪನಿಯ ಫಾರ್ಮ್ ಮತ್ತೆ ಬಂತು, ಈ ಸಲ ಕೊನೇ ಪ್ರಶ್ನೆಗೆ ಚೇರ್ ಅವರೇ ಉತ್ತರ ಬರೆದ್ರು, ನನಗೆ ಕಾಪಿ ಬಂತು ಅಷ್ಟೇ.

ಗ್ರಾಜುಯೇಶನ್ ಆದ ಮೇಲೆ ಮೂರನೇ ರಿಲೀಸ್‌ಗೆ ಹೊಸಬರೊಬ್ಬರು ರಿಲೀಸ್ ಮ್ಯಾನೇಜರ್. ನಾನು ಕಟ್ಟು ಇಳಿಸಿ, ಸಹಿ ತಾಳೆ ನೋಡಿ, ಬಿಲ್ಡ್ ಮಾಡಿದೆ, ಒಂದು ಹೊಸ ಕನೆಕ್ಟರ್ ಇನ್ನೂ ಹದಕ್ಕೆ ಬಂದಿಲ್ಲ ಅನ್ಸಿ ಕಾರಣ ಬರೆದು -1 ಹಾಕಿದೆ. ಕೋಡ್ ಬದಲಾವಣೆಗೆ ಬೈಂಡಿಂಗ್ ವೋಟ್ ಇರೋ ಯಾರು ಬೇಕಾದ್ರೂ ತಾಂತ್ರಿಕ ಕಾರಣ ಕೊಟ್ಟು ವೀಟೋ ಮಾಡಬಹುದು, ರಿಲೀಸ್‌ಗೆ ವೀಟೋ ಇಲ್ಲ, ಬಹುಮತ. ನಾಲ್ಕು ಜನ +1 ಹಾಕಿದ್ರು, ಅದರಲ್ಲಿ ಗೆಳತಿಯದ್ದೂ ಒಂದು. ರಿಲೀಸ್ ಮ್ಯಾನೇಜರ್ ನನ್ನ ಕಾರಣ ಓದಿ, ಆ ಕನೆಕ್ಟರ್ ಪ್ರಯೋಗದ ಹಂತದಲ್ಲಿದೆ ಅಂತ ರಿಲೀಸ್ ನೋಟ್‌ನಲ್ಲಿ ಒಂದು ಸಾಲು ಸೇರಿಸಿ, 72 ಗಂಟೆ ಆದ ಮೇಲೆ ಲೆಕ್ಕ ಹಾಕಿ ಬರೆದ್ರು, ನಾಲ್ಕು ಪರ, ಒಂದು ವಿರುದ್ಧ, ವೋಟ್ ಪಾಸ್. ಅವತ್ತು ಸಂಜೆ ಹೊಸ ವರ್ಷನ್ ಎಲ್ಲರಿಗೂ ಡೌನ್‌ಲೋಡ್‌ಗೆ ಸಿಕ್ತು.